ಕೆಟ್ಟ ನೀರಿನ ಬಿಲ್ಲು ಯಾರ ಹೆಸರಿಗೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಒಂದು ಮಾತು ಬೇರು ಬಿಟ್ಟು ನಿಂತಿದೆ. ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಈ ಭಾಗ ಉದ್ಧಾರ ಆಯಿತು, ಹಳ್ಳದಾಗ ಒಂದೀಟು ಕಪ್ಪು ನೀರು ಹರಿದರೆ ಅದನ್ನೇ ದೊಡ್ಡದು ಮಾಡಬಾರದು ಎಂಬ ಮಾತು ಅದು. ಕಾರ್ಖಾನೆಯ ವಾರ್ಷಿಕ ಸಭೆಯ ವೇದಿಕೆಯಿಂದ ಹಿಡಿದು ಬಸ್ ನಿಲ್ದಾಣದ ಚಹಾದಂಗಡಿಯವರೆಗೆ ಇದನ್ನು ಹೇಳುತ್ತಾರೆ, ಕೇಳಿದವರು ತಲೆಯಾಡಿಸುತ್ತಾರೆ. ಮೀನು ಸತ್ತು ತೇಲಿದಾಗ, ದನ ನೀರು ಮೂಸಿ ಹಿಂದೆ ಸರಿದಾಗ, ಬೋರಿನ ನೀರು ಬಣ್ಣ ತಿರುಗಿದಾಗ ಅಧಿಕಾರಿಗಳ ಬಾಯಲ್ಲಿ ಅದೇ ಮಾತು ಬೇರೆ ವೇಷದಲ್ಲಿ ಬರುತ್ತದೆ: ತಾಂತ್ರಿಕ ದೋಷ, ಆಕಸ್ಮಿಕ, ನೋಟಿಸ್ ಕೊಟ್ಟಿದ್ದೇವೆ, ವರದಿ ಬಂದ ಮೇಲೆ ಕ್ರಮ. ಕಾರ್ಖಾನೆ ಅನ್ನ ಕೊಟ್ಟಿದೆ ಎನ್ನುವುದು ನಿಜ. ಅನ್ನ ಕೊಟ್ಟವರು ನೀರು ಕೆಡಿಸಬಹುದು ಎಂಬುದು ಆ ನಿಜದಿಂದ ಹುಟ್ಟುವ ತೀರ್ಮಾನವಲ್ಲ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ನಮ್ಮ ಕೈಗೆ ಕೊಟ್ಟವರು ಯಾರು? ಇದರಿಂದ ಲಾಭ ಪಡೆಯುತ್ತಿರುವವರು ಯಾರು? ಕೃಷ್ಣೆಗೆ, ಘಟಪ್ರಭೆಗೆ, ಅವುಗಳಿಗೆ ಸೇರುವ ಹಳ್ಳಗಳಿಗೆ ಕಾರ್ಖಾನೆಯ ಕೊಳಕು ಸೇರುವುದು ದೈವದ ಆಟವೂ ಅಲ್ಲ, ಪ್ರಗತಿಗೆ ಕಟ್ಟಲೇಬೇಕಾದ ತೆರಿಗೆಯೂ ಅಲ್ಲ. ಅದು ಕಂಪನಿಯ ಲೆಕ್ಕಪತ್ರದಲ್ಲಿ ಆಗುವ ನಿರ್ಧಾರ. ಆ ನಿರ್ಧಾರವನ್ನು ಅಗ್ಗ ಮಾಡಿಕೊಟ್ಟಿರುವುದು ಸರ್ಕಾರ.

ಮೊದಲು ಈ ನೀರು ಯಾರದು ಎಂಬುದನ್ನು ನೆನಪಿಸಿಕೊಳ್ಳಬೇಕು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜ್ ಸರ್ಕಾರ ಕಟ್ಟಿಸಿದ್ದಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ವಂತಿಗೆ ಎತ್ತಿ, ಕಲ್ಲು ಮಣ್ಣು ಹೊತ್ತು 1989ರಲ್ಲಿ ಅದನ್ನು ಮುಗಿಸಿದರು. ಅದರ ಹಿನ್ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಬೇಸಿಗೆಯಲ್ಲಿ ಬತ್ತಿ ಮರಳು ಕಾಣುತ್ತಿದ್ದ ಹೊಳೆಯಲ್ಲಿ ನೀರು ನಿಂತಿದ್ದರಿಂದಲೇ ದಂಡೆಯ ಮೇಲೆ ಕಬ್ಬು ಹಬ್ಬಿತು, ಕಬ್ಬು ಹಬ್ಬಿದ್ದರಿಂದಲೇ ಕಾರ್ಖಾನೆಗಳು ಹೆಚ್ಚಿದವು. ಇತ್ತ ಬೀಳಗಿಯ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ, ಗುಡಿ, ಗೋರಿ ಎಲ್ಲವನ್ನೂ ಬಿಟ್ಟುಕೊಟ್ಟಿವೆ. ಅಂದರೆ ಕಾರ್ಖಾನೆ ನಮಗೆ ನೀರು ಕೊಟ್ಟಿಲ್ಲ, ನಮ್ಮ ನೀರು ಕಾರ್ಖಾನೆಯನ್ನು ಹುಟ್ಟಿಸಿತು. ಋಣದ ಲೆಕ್ಕ ಮಾಡುವುದಾದರೆ ಅದನ್ನು ಇಲ್ಲಿಂದಲೇ ಮಾಡಬೇಕು.

ಇದೇ ಬ್ಯಾರೇಜುಗಳ ಕಾರಣದಿಂದ ಇಲ್ಲಿ ಕೊಳಕು ನೀರಿನ ಅಪಾಯ ಬೇರೆ ಕಡೆಗಿಂತ ಹೆಚ್ಚು. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್-ಏಪ್ರಿಲ್‌ವರೆಗೆ ನಡೆಯುತ್ತದೆ. ಹೊಳೆಯ ಹರಿವು ದಿನದಿನಕ್ಕೆ ಇಳಿಯುವುದೂ ಅದೇ ತಿಂಗಳುಗಳಲ್ಲಿ. ಹಿಪ್ಪರಗಿಯಲ್ಲಿ, ಚಿಕ್ಕಪಡಸಲಗಿಯಲ್ಲಿ, ಗಲಗಲಿಯಲ್ಲಿ, ಘಟಪ್ರಭೆಯ ಉದ್ದಕ್ಕೂ ಇರುವ ಬಾಂದಾರಗಳಲ್ಲಿ ಗೇಟು ಹಾಕಿದ ಮೇಲೆ ನದಿ ಹರಿಯುವುದನ್ನು ಬಿಟ್ಟು ಸಾಲು ಕೆರೆಗಳಾಗುತ್ತದೆ. ಮಳೆಗಾಲದ ಹೊಳೆಗೆ ಬಿದ್ದ ಕೊಳಕು ಕೊಚ್ಚಿ ಹೋದೀತು. ನಿಂತ ನೀರಿಗೆ ಬಿದ್ದದ್ದು ಅಲ್ಲೇ ಕೊಳೆಯುತ್ತದೆ, ಊರಿನ ಜಾಕ್‌ವೆಲ್‌ನ ಬಾಯಿಗೆ ಬರುತ್ತದೆ. ಕಾರ್ಖಾನೆಯಿಂದ ಅತಿ ಹೆಚ್ಚು ಕೊಳಕು ಹೊರಡುವ ಕಾಲ, ಅದನ್ನು ತಡೆದುಕೊಳ್ಳುವ ಶಕ್ತಿ ನದಿಗೆ ಅತಿ ಕಡಿಮೆ ಇರುವ ಕಾಲ, ಎರಡೂ ಒಂದೇ. ಈ ನದಿಯನ್ನು ಅರಿತ ಯಾವ ಅಧಿಕಾರಿಯೂ ‘ಸ್ವಲ್ಪ ನೀರು ಹೋಗಿದೆ’ ಎಂದು ಹೇಳಲಾರ. ಏಪ್ರಿಲ್ ತಿಂಗಳ ಘಟಪ್ರಭೆಗೆ ‘ಸ್ವಲ್ಪ’ ಎಂಬುದೇ ಇಲ್ಲ.

ಆ ಕಪ್ಪು ನೀರಿನಲ್ಲಿ ಏನಿದೆ? ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿ ಬರಿಸಿ, ಭಟ್ಟಿ ಇಳಿಸಿ ಮದ್ಯಸಾರ, ಎಥನಾಲ್ ತೆಗೆಯುತ್ತಾರೆ. ಒಂದು ಲೀಟರ್ ಮದ್ಯಸಾರ ಬಂದರೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಬಿಸಿಯಾದ, ಹುಳಿಯಾದ, ಕಡುಗಂದು ಬಣ್ಣದ ದ್ರವ ಅದು. ಕೊಳೆಯುವಾಗ ನೀರಿನಿಂದ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂಬುದು ಕೊಳಕಿನ ಅಳತೆಗೋಲು, ಅದಕ್ಕೆ ಬಿಒಡಿ ಎನ್ನುತ್ತಾರೆ. ಮನೆಗಳ ಚರಂಡಿ ನೀರಿನಲ್ಲಿ ಅದು ಲೀಟರಿಗೆ 250 ಮಿಲಿಗ್ರಾಂ ಆಸುಪಾಸು ಇದ್ದರೆ, ಶುದ್ಧೀಕರಿಸದ ಸ್ಪೆಂಟ್ ವಾಶ್‌ನಲ್ಲಿ 40,000 ದಾಟುತ್ತದೆ. ನದಿಗೆ ಬಿಡುವ ನೀರಿನಲ್ಲಿ ಇರಬಹುದಾದ ಮಿತಿ 30. ದಿನಕ್ಕೆ ಒಂದು ಲಕ್ಷ ಲೀಟರ್ ಮದ್ಯಸಾರ ತೆಗೆಯುವ ಡಿಸ್ಟಿಲರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಲೀಟರಿಗೆ 10 ಲೀಟರ್ ಹಿಡಿದರೂ ದಿನಕ್ಕೆ 10 ಲಕ್ಷ ಲೀಟರ್ ಸ್ಪೆಂಟ್ ವಾಶ್. ತಲೆಗೆ ದಿನಕ್ಕೆ 100 ಲೀಟರ್ ಚರಂಡಿ ನೀರೆಂದು ಹಿಡಿದರೆ, ಕೊಳಕಿನ ಭಾರದಲ್ಲಿ ಇದು 16 ಲಕ್ಷ ಜನರ ಚರಂಡಿಗೆ ಸಮ. 2011ರ ಜನಗಣತಿಯಲ್ಲಿ ಇಡೀ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 19 ಲಕ್ಷದ ಹತ್ತಿರ. ಒಂದೇ ಒಂದು ಡಿಸ್ಟಿಲರಿಯ ಒಂದು ದಿನದ ಕಚ್ಚಾ ತ್ಯಾಜ್ಯ ಹಳ್ಳಕ್ಕೆ ತಪ್ಪಿಸಿಕೊಂಡರೆ, ಜಿಲ್ಲೆಯ ಬಹುಪಾಲು ಜನರ ಒಂದು ದಿನದ ಚರಂಡಿಯನ್ನು ಒಂದೇ ಜಾಗದಲ್ಲಿ ಸುರಿದಂತೆ. ಇಂಥ ನೀರು ಬಂದಾಗ ಹಳ್ಳದಲ್ಲಿ ಆಗುವುದನ್ನು ದಂಡೆಯ ಮೀನುಗಾರರು ಬಲ್ಲರು. ಮೊದಲು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಗಾಳಿಗೆ ತಡಕಾಡುತ್ತವೆ, ಕೆಲವು ಗಂಟೆಗಳಲ್ಲಿ ಹೊಟ್ಟೆ ಮೇಲಾಗಿ ತೇಲುತ್ತವೆ. ಅವು ಉಸಿರುಗಟ್ಟಿ ಸತ್ತದ್ದು. ಇದನ್ನು ‘ಒಂದೀಟು ಕಪ್ಪು ನೀರು’ ಎನ್ನಲು ಯಾವ ನಾಲಿಗೆಗೆ ಧೈರ್ಯ ಬರುತ್ತದೆ?

ಇದು ಆಕಸ್ಮಿಕವೇ? ಎಷ್ಟು ಕಬ್ಬು ನುರಿಸುತ್ತೇವೆ, ಎಷ್ಟು ಕಾಕಂಬಿ ಬರುತ್ತದೆ, ಎಷ್ಟು ಸ್ಪೆಂಟ್ ವಾಶ್ ಉಳಿಯುತ್ತದೆ ಎಂಬುದು ಕಾರ್ಖಾನೆಗೆ ಹಂಗಾಮು ಶುರುವಾಗುವ ಮೊದಲೇ ಗೊತ್ತು. ಅದನ್ನು ಹಿಡಿದಿಡುವ ಹೊಂಡ ಎಷ್ಟು ದೊಡ್ಡದಿರಬೇಕು, ಒಣಗಿಸಿ ಸುಡುವ ಬಾಯ್ಲರ್ ಎಷ್ಟು ಸಾಮರ್ಥ್ಯದ್ದಿರಬೇಕು, ಪ್ರೆಸ್ ಮಡ್ ಜೊತೆ ಬೆರೆಸಿ ಗೊಬ್ಬರ ಮಾಡುವುದಾದರೆ ಎಷ್ಟು ಎಕರೆ ಅಂಗಳ ಬೇಕು ಎಂಬುದೂ ಸಾದಾ ಗಣಿತ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2003ರಲ್ಲೇ ಡಿಸ್ಟಿಲರಿಗಳಿಗೆ ಹೊರಗೆ ಒಂದು ಹನಿಯೂ ಬಿಡದ ವ್ಯವಸ್ಥೆಯ ದಾರಿ ಹಾಕಿಕೊಟ್ಟಿತು. ಸಕ್ಕರೆ ಕಾರ್ಖಾನೆಗಳಿಗೆ 2016ರ ಜನವರಿಯ ಅಧಿಸೂಚನೆ ಟನ್ ಕಬ್ಬಿಗೆ 200 ಲೀಟರ್ ತ್ಯಾಜ್ಯನೀರು ಎಂಬ ಮಿತಿ ಹಾಕಿತು, ಹೊಲಗಳಿಗೆ ನೀರು ಬೇಡವಾದ ದಿನಗಳಲ್ಲಿ ಹಿಡಿದಿಡಲು 15 ದಿನಗಳ ಸಂಗ್ರಹ ಇರಬೇಕೆಂದಿತು. ತ್ಯಾಜ್ಯವನ್ನು ಹೊತ್ತುಹೊತ್ತಿಗೆ ಅಳೆದು ಮಂಡಳಿಗೆ ಕಳಿಸುವ ಯಂತ್ರಗಳನ್ನು ಹಾಕಬೇಕೆಂದು 2014ರಿಂದ ಆದೇಶವಿದೆ. ಇಷ್ಟೆಲ್ಲ ಇದ್ದೂ ಹೊಂಡ ಒಡೆಯಿತು, ಪೈಪು ಸೋರಿತು, ಮಳೆಗೆ ಉಕ್ಕಿತು ಎಂದರೆ ಅರ್ಥ ಒಂದೇ: ಹೊಂಡವನ್ನು ಬೇಕಾದಷ್ಟು ದೊಡ್ಡದು ಮಾಡಲಿಲ್ಲ, ಬಾಯ್ಲರ್‌ಗೆ ಬೇಕಾದಷ್ಟು ಹಣ ಹಾಕಲಿಲ್ಲ, ಹೊಂಡ ತುಂಬಿದಾಗಲೂ ನುರಿಸುವುದನ್ನು ನಿಲ್ಲಿಸಲಿಲ್ಲ. ಮಳೆ ಬರುತ್ತದೆ ಎಂಬುದು ಸಕ್ಕರೆ ಕಾರ್ಖಾನೆಗೆ ಮಾತ್ರ ಹೇಗೆ ಆಕಸ್ಮಿಕ ಆಗುತ್ತದೆ?

ಇಲ್ಲಿ ದುಡ್ಡಿನ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಎಲ್ಲದರ ಬುಡ ಅಲ್ಲಿದೆ. ಮಾಲಿನ್ಯ ಮಾಡಿದ ಉದ್ದಿಮೆಯಿಂದ ವಸೂಲು ಮಾಡುವ ಪರಿಸರ ಪರಿಹಾರಕ್ಕೆ ಕೇಂದ್ರ ಮಂಡಳಿಯ ಸೂತ್ರವೊಂದಿದೆ. ಅತಿ ಹೆಚ್ಚು ಮಾಲಿನ್ಯದ್ದೆಂದು ಗುರುತಿಸಿದ ಕೆಂಪು ವರ್ಗದ ಉದ್ದಿಮೆಗೆ ಸೂಚ್ಯಂಕ 80, ದೊಡ್ಡ ಉದ್ದಿಮೆಯಾದರೆ 1.5ರಿಂದ ಗುಣಿಸು, ಹಣದ ಅಂಶ ಸಾಮಾನ್ಯವಾಗಿ 250. ಕೊನೆಗೆ ಊರಿನ ಜನಸಂಖ್ಯೆಯ ಗುಣಕ: ಒಂದು ಕೋಟಿ ದಾಟಿದ ನಗರಕ್ಕೆ 2, ಹತ್ತು ಲಕ್ಷದೊಳಗಿನ ಊರಿಗೆ 1. ಮುಧೋಳಕ್ಕೆ, ಜಮಖಂಡಿಗೆ, ಬೀಳಗಿಗೆ, ರಬಕವಿಗೆ ಸಿಗುವುದು ಒಂದೇ. ಗುಣಿಸಿ ನೋಡಿ: ದಿನಕ್ಕೆ 30,000 ರೂಪಾಯಿ. ಟನ್ ಕಬ್ಬಿಗೆ 3,300 ರೂಪಾಯಿ ಹಿಡಿದರೆ ಇದು ಒಂಬತ್ತು ಟನ್ ಕಬ್ಬಿನ ದುಡ್ಡು, ಒಂದು ಟ್ರ್ಯಾಕ್ಟರ್ ಎಳೆದು ತರುವ ಎರಡು ಟ್ರೇಲರ್ ಕಬ್ಬಿಗೂ ಕಡಿಮೆ. ದಿನಕ್ಕೆ 10,000 ಟನ್ ನುರಿಸುವ ಕಾರ್ಖಾನೆ ಕಬ್ಬಿಗೆಂದೇ ದಿನಕ್ಕೆ ಮೂರು ಕೋಟಿ ಮೂವತ್ತು ಲಕ್ಷ ಕೊಡುತ್ತದೆ. ಅದಕ್ಕೆ ನದಿ ಕೆಡಿಸುವ ಬಾಡಿಗೆ ಮೂವತ್ತು ಸಾವಿರ! ನುರಿಸುವುದನ್ನು ಒಂದು ದಿನ ನಿಲ್ಲಿಸಿದರೆ ಆಗುವ ನಷ್ಟದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇಂಥ ದರದಲ್ಲಿ ಕಾನೂನು ಪಾಲಿಸುವ ಕಾರ್ಖಾನೆಯೇ ನಷ್ಟಕ್ಕೆ ಬೀಳುತ್ತದೆ, ಮುರಿಯುವುದು ಲಾಭಕ್ಕೆ ನಿಲ್ಲುತ್ತದೆ. ಮಹಾನಗರದ ಜನರಿಗಿಂತ ನಮ್ಮ ಊರಿನ ಜನರ ನೀರಿಗೆ ಅರ್ಧ ಬೆಲೆ ಎಂದು ಗುಣಕ ಬರೆದವರು ತೀರ್ಮಾನಿಸಿದ್ದಾರೆ. ನಮ್ಮ ಸಂಸದರು, ಶಾಸಕರು ಈ ಗುಣಕವನ್ನು ಪ್ರಶ್ನಿಸಬೇಕಿತ್ತು.

ಈ 30,000 ಕೂಡ ತಪ್ಪು ಸಾಬೀತಾದರೆ ಮಾತ್ರ. ಸಾಬೀತು ಮಾಡುವ ದಾರಿ ಹೇಗಿದೆ ನೋಡಿ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಮಾದರಿ ತೆಗೆಯಬೇಕು. ಕಾರ್ಖಾನೆಯವರಿಗೆ ಅಲ್ಲಿಯೇ ನೋಟಿಸ್ ಕೊಡಬೇಕು, ಅವರ ಎದುರಿಗೇ ಮಾದರಿಯನ್ನು ಎರಡು ಪಾಲು ಮಾಡಬೇಕು, ಎರಡನ್ನೂ ಡಬ್ಬಿಗೆ ಹಾಕಿ ಗುರುತು ಬರೆದು ಸೀಲು ಮಾಡಿ ಇಬ್ಬರೂ ಸಹಿ ಹಾಕಬೇಕು, ಆಮೇಲೆ ಪ್ರಯೋಗಾಲಯಕ್ಕೆ ಕಳಿಸಬೇಕು. ಹೀಗೆ ಮಾಡದ ಮಾದರಿಯ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ನಿರಪರಾಧಿಗೆ ಅನ್ಯಾಯ ಆಗಬಾರದೆಂದು ಇಟ್ಟ ನಿಯಮ ಇದು, ಅದರ ಉದ್ದೇಶಕ್ಕೆ ತಕರಾರಿಲ್ಲ. ಕಪ್ಪು ನೀರು ಬಿಡುವುದು ಮಾತ್ರ ನಡುರಾತ್ರಿ, ಇಲ್ಲವೆ ಜೋರು ಮಳೆಯ ಹೊತ್ತಿನಲ್ಲಿ. ಬೆಳಗಾಗ ಎದ್ದ ರೈತ ಕೊಡದಲ್ಲಿ, ಬಾಟಲಿಯಲ್ಲಿ ತುಂಬಿಟ್ಟ ನೀರಿಗೆ ಕಾನೂನಿನ ಕಣ್ಣಲ್ಲಿ ಬೆಲೆಯಿಲ್ಲ. ಬಾಗಲಕೋಟೆಯ ಪ್ರಾದೇಶಿಕ ಕಚೇರಿಗೆ ಫೋನು ಹೋಗಿ, ಅಧಿಕಾರಿ ಹೊರಟು, ಹಳ್ಳ ಮುಟ್ಟುವ ಹೊತ್ತಿಗೆ ಆ ನೀರು ಕೆಳಗಿನ ಬಾಂದಾರಕ್ಕೆ ಹೋಗಿರುತ್ತದೆ, ಕಾರ್ಖಾನೆಯ ನಳ ಒಣಗಿರುತ್ತದೆ. ಹೊತ್ತುಹೊತ್ತಿಗೆ ಅಳೆಯುವ ಯಂತ್ರ ಕಾರ್ಖಾನೆಯ ಒಳಗೇ ಇದೆ, ಅಧಿಕೃತ ನಳವನ್ನು ಮಾತ್ರ ನೋಡುತ್ತದೆ. ಕದ್ದು ಬಿಡುವವನು ಅಧಿಕೃತ ನಳದಿಂದ ಬಿಡುತ್ತಾನೆಯೇ? ಆಮೇಲೆ ಬರುವ ವರದಿಯಲ್ಲಿ ‘ನಿಗದಿತ ಮಿತಿಯೊಳಗಿದೆ’ ಎಂಬ ಸಾಲು ಇರುತ್ತದೆ. ಆ ಸಾಲು ಸುಳ್ಳಲ್ಲದಿರಬಹುದು. ಅದು ತಡವಾಗಿ ತೆಗೆದ ನೀರಿನ ಬಗ್ಗೆ ಹೇಳಿದ ಸತ್ಯ.

ಕಡಲಿನಲ್ಲಿ ಎಣ್ಣೆ ಚೆಲ್ಲಿದಾಗ ಲೋಕ ಹೀಗೆ ಸುಮ್ಮನಿರುವುದಿಲ್ಲ. 2006ರ ಮೇ ಕೊನೆಯಲ್ಲಿ ನಮ್ಮದೇ ಕಾರವಾರದ ಎದುರಿನ ಆಯ್ಸ್ಟರ್ ರಾಕ್ ದ್ವೀಪಕ್ಕೆ ಪನಾಮಾ ಧ್ವಜದ ಓಷನ್ ಸೆರಾಯಾ ಹಡಗು ಬಡಿದು, ಅದರ ಇಂಧನ ಎಣ್ಣೆ ಕಾರವಾರದ ಮರಳಿಗೂ ಗೋವೆಯ ದಕ್ಷಿಣ ತೀರಕ್ಕೂ ಅಂಟಿತು. 2020ರ ಜುಲೈ 25ರಂದು ಮಾರಿಷಸ್ ದ್ವೀಪದ ಹವಳದ ದಂಡೆಗೆ ಜಪಾನಿನ ನಾಗಾಶಿಕಿ ಕಂಪನಿಯ ವಕಾಶಿಯೋ ಹಡಗು ಏರಿತು. ಹನ್ನೆರಡು ದಿನ ಅದು ಅಲ್ಲೇ ಇದ್ದರೂ ಸರ್ಕಾರ ಎಚ್ಚೆತ್ತುಕೊಳ್ಳಲಿಲ್ಲ, ಆಮೇಲೆ ಸುಮಾರು ಸಾವಿರ ಟನ್ ಎಣ್ಣೆ ಸಮುದ್ರಕ್ಕೆ ಸೇರಿತು. ಆ ಪುಟ್ಟ ದೇಶದ ಜನ ಕಬ್ಬಿನ ಸೋಗೆಯನ್ನು ಬಟ್ಟೆಯಲ್ಲಿ ತುಂಬಿ ಹೊಲಿದು ತೇಲುಬೇಲಿ ಮಾಡಿ ಎಣ್ಣೆ ತಡೆದರು. ಆಗಸ್ಟ್ 29ರಂದು ರಾಜಧಾನಿ ಪೋರ್ಟ್ ಲೂಯಿಯ ಬೀದಿ ತುಂಬಿ ಕಂಪನಿಯ ಜೊತೆಗೆ ತಮ್ಮ ಸರ್ಕಾರವನ್ನೂ ಕಟಕಟೆಗೆ ಎಳೆದರು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ-3 ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು, ಅದೇ ಕಂಪನಿಗೆ ಸಂಬಂಧಿಸಿದ ಇನ್ನೊಂದು ಹಡಗನ್ನು ಬಂದರಿನಲ್ಲೇ ತಡೆಹಿಡಿಯಲು ಕೋರ್ಟು ಆದೇಶಿಸಿತು. ಸಮುದ್ರದ ಆಚೆಯ ಕಂಪನಿಯನ್ನು ಹಿಡಿಯುವ ಕೈ ಕಾನೂನಿಗೆ ಇದೆ ಎಂದಾದರೆ, ಬಾಗಲಕೋಟೆಯ ಜಿಲ್ಲಾಧಿಕಾರಿ ಕಚೇರಿಯಿಂದ ಒಂದೆರಡು ತಾಸಿನ ದಾರಿಯಲ್ಲಿರುವ ಕಂಪನಿಯನ್ನು ಹಿಡಿಯಲು ಯಾಕೆ ಆಗುವುದಿಲ್ಲ?

ಆಗುತ್ತದೆ ಎನ್ನುವುದಕ್ಕೆ ಸಕ್ಕರೆ ಉದ್ಯಮದಲ್ಲೇ ಉದಾಹರಣೆಗಳಿವೆ. 2014ರಲ್ಲಿ ಗಂಗೆಗೆ ಸೇರುವ ನಾಲೆಯನ್ನು ವರ್ಷಗಟ್ಟಲೆ ಕೆಡಿಸಿದ್ದಕ್ಕೆ ಉತ್ತರ ಪ್ರದೇಶದ ಸಿಂಭಾವಲಿ ಸಕ್ಕರೆ ಕಾರ್ಖಾನೆಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5 ಕೋಟಿ ಹಾಕಿತು. 2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಚಡ್ಡಾ ಶುಗರ್ಸ್‌ನಿಂದ ಕಾಕಂಬಿ ಬಿಯಾಸ್ ನದಿಗೆ ಸೇರಿ ರಾಶಿ ರಾಶಿ ಮೀನು ಸತ್ತವು. ಅಲ್ಲಿನ ಮಂಡಳಿ ಕಾರ್ಖಾನೆಗೆ ಬೀಗ ಹಾಕಿತು, 5 ಕೋಟಿ ದಂಡ ಹಾಕಿತು. ಇವೂ ದೊಡ್ಡ ಮೊತ್ತಗಳೇನಲ್ಲ. ಆದರೂ ಮಂಡಳಿ ಮನಸ್ಸು ಮಾಡಿದರೆ ದಿನಗಳಲ್ಲಿ ಕ್ರಮ ಸಾಧ್ಯ ಎಂಬುದಕ್ಕೆ ಸಾಕು.

ಇಲ್ಲಿ ಮನಸ್ಸು ಯಾಕೆ ಬರುವುದಿಲ್ಲ? ಈ ಸೀಮೆಯಲ್ಲಿ ಸಕ್ಕರೆಯ ಗದ್ದುಗೆ, ರಾಜಕೀಯದ ಗದ್ದುಗೆ ಒಂದೇ ಪಡಸಾಲೆಯಲ್ಲಿವೆ, ಪಕ್ಷಭೇದವಿಲ್ಲದೆ. ಬ್ಯಾರೇಜ್ ಕಟ್ಟಿದ ನ್ಯಾಮಗೌಡರು ಕೇಂದ್ರ ಮಂತ್ರಿಯಾದವರು, ಶಾಸಕರಾದವರು, ಜಮಖಂಡಿ ಶುಗರ್ಸ್ ಹುಟ್ಟುಹಾಕಿದವರೂ ಅವರೇ. ಮುಧೋಳದಿಂದ ಬೆಳೆದ ಸಕ್ಕರೆ ಉದ್ಯಮದ ಕುಟುಂಬದ ಮುರುಗೇಶ ನಿರಾಣಿ ಬೀಳಗಿಯ ಶಾಸಕರಾಗಿದ್ದರು, ರಾಜ್ಯದ ಕೈಗಾರಿಕಾ ಸಚಿವರೂ ಆಗಿದ್ದರು. ವ್ಯಕ್ತಿಗಳು ಒಳ್ಳೆಯವರೋ ಕೆಟ್ಟವರೋ ಎಂಬುದು ನನ್ನ ವಾದವಲ್ಲ, ಏರ್ಪಾಡು ಕೆಟ್ಟದ್ದು. ಕಾರ್ಖಾನೆಯವರ ಮನೆಯವರೇ ಸಂಪುಟದಲ್ಲಿ ಕೂತಾಗ ಅದೇ ಸರ್ಕಾರದ ಕಿರಿಯ ಪರಿಸರ ಅಧಿಕಾರಿ ಯಾವ ಬಲದ ಮೇಲೆ ಗೇಟು ತಟ್ಟಬೇಕು? 2018ರ ಡಿಸೆಂಬರ್ 16ರಂದು ಮುಧೋಳ ತಾಲ್ಲೂಕಿನ ಕುಳಲಿಯಲ್ಲಿ ನಿರಾಣಿ ಶುಗರ್ಸ್‌ನ ತ್ಯಾಜ್ಯನೀರಿನ ಘಟಕದಲ್ಲಿ ಸ್ಫೋಟವಾಗಿ ಕಾರ್ಮಿಕರು ಜೀವ ಕಳೆದುಕೊಂಡರು. ಸ್ಪೆಂಟ್ ವಾಶ್ ಕೊಳೆಯುವಾಗ ಮೀಥೇನ್ ಹುಟ್ಟುತ್ತದೆ, ಅದು ಹೊತ್ತಿಕೊಂಡು ಸಿಡಿಯುವ ಅನಿಲ. ಹೊಳೆಯಲ್ಲಿ ಮೀನು ಕೊಲ್ಲುವ ಅದೇ ದ್ರವ ಕಾರ್ಖಾನೆಯ ಆವರಣದಲ್ಲೂ ಜೀವಕ್ಕೆ ಅಪಾಯ ಎಂಬುದು ಆ ದಿನ ಎಲ್ಲರಿಗೂ ಗೊತ್ತಾಗಬೇಕಿತ್ತು. ಅದಾದ ಮೇಲೆ ಜಿಲ್ಲೆಯ ಪ್ರತಿ ಡಿಸ್ಟಿಲರಿಯ ತ್ಯಾಜ್ಯ ಘಟಕದ ಪರೀಕ್ಷಾ ವರದಿ ಆಯಾ ಊರಿನ ಪಂಚಾಯಿತಿ ಗೋಡೆಯ ಮೇಲೆ ಇರಬೇಕಿತ್ತು. ಯಾವ ಗೋಡೆಯ ಮೇಲೆ ಅದನ್ನು ಕಂಡಿದ್ದೀರಿ?

ಸರ್ಕಾರಗಳು ಬಿಗಿ ಮಾಡಬೇಕಾದ ಹೊತ್ತಿನಲ್ಲಿ ಸಡಿಲ ಬಿಡುತ್ತಾ ಬಂದಿವೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಅವಸರದಲ್ಲಿ ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಇಂಧನ ಎಥನಾಲ್‌ಗೆ ಮೀಸಲಾದ ಘಟಕಗಳ ವಿಸ್ತರಣೆಯನ್ನು ಬಿ-2 ವರ್ಗಕ್ಕೆ ಇಳಿಸಿತು. ಆ ವರ್ಗಕ್ಕೆ ಸಾರ್ವಜನಿಕ ಅಹವಾಲು ಬೇಕಿಲ್ಲ. ಡಿಸ್ಟಿಲರಿ ಎರಡು ಪಟ್ಟಾದರೂ ಪಕ್ಕದ ಊರಿನವರನ್ನು ಕೂರಿಸಿ ಕೇಳಬೇಕಾಗಿಲ್ಲ. ಜಲ ಕಾಯ್ದೆಯಡಿ ಈ ಹಿಂದೆ ಹೊಳೆಗೆ ವಿಷ ಬಿಟ್ಟವರಿಗೆ ಕನಿಷ್ಠ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಇತ್ತು. 2024ರ ತಿದ್ದುಪಡಿ ಅದನ್ನು ತೆಗೆದು 10,000ದಿಂದ 15 ಲಕ್ಷ ರೂಪಾಯಿ ದಂಡ ಮಾಡಿತು, ಆ ದಂಡವನ್ನೂ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು. 1986ರ ಪರಿಸರ ಕಾಯ್ದೆಗೂ ಜನವಿಶ್ವಾಸ ಕಾಯ್ದೆಯ ಮೂಲಕ ಇದೇ ಗತಿ ಆಯಿತು. ವ್ಯವಹಾರ ಸಲೀಸಾಗಲಿ ಎಂಬುದು ಇದಕ್ಕೆ ಕೊಟ್ಟ ಕಾರಣ. ಹೊಳೆ ಕೆಡಿಸುವುದು ಯಾವ ಬಗೆಯ ವ್ಯವಹಾರ, ಅದನ್ನು ಸಲೀಸು ಮಾಡಲು? ನೀರು ರಾಜ್ಯದ ವಿಷಯ, ಜಲ ಕಾಯ್ದೆಯ ಸಡಿಲಿಕೆಯನ್ನು ಒಪ್ಪುವುದೂ ಬಿಡುವುದೂ ರಾಜ್ಯದ ವಿಧಾನಮಂಡಲಕ್ಕೆ ಸೇರಿದ್ದು. ನಮ್ಮ ನಾಲ್ಕೂ ತಾಲ್ಲೂಕುಗಳ ಶಾಸಕರು ಇದರ ಪರವೋ ವಿರುದ್ಧವೋ ಎಂದು ಮತದಾರರ ಎದುರು ಬಾಯಿಬಿಟ್ಟು ಹೇಳಬೇಕು. ಇನ್ನು ಸರ್ಕಾರ ತಾನೇ ಮಾಲಿನ್ಯ ಮಾಡುವ ವಿಚಾರ. ಚರಂಡಿ ನೀರು, ಕಸದ ನಿರ್ವಹಣೆಯಲ್ಲಿ ಸೋತಿದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಹೊರಿಸಿತು. ಊರಿನ ಗಟಾರವನ್ನೇ ಹೊಳೆಗೆ ಬಿಡುವವರಿಗೆ ಕಾರ್ಖಾನೆಯ ನಳ ಮುಚ್ಚಿಸುವ ನೈತಿಕ ಬಲ ಎಲ್ಲಿಂದ ಬರಬೇಕು? ಜಲ ಕಾಯ್ದೆಯ 48ನೇ ಕಲಮು ಸರ್ಕಾರಿ ಇಲಾಖೆ ತಪ್ಪು ಮಾಡಿದರೆ ಅದರ ಮುಖ್ಯಸ್ಥನನ್ನೇ ಹೊಣೆ ಮಾಡುತ್ತದೆ. ಆ ಕಲಮಿಗೆ ಕೆಲಸ ಕೊಡಬೇಕು.

ಎದುರು ಮಾತುಗಳಿವೆ. ಕಾರ್ಖಾನೆಗೆ ಬಿಗಿ ಮಾಡಿದರೆ ಮುಚ್ಚುತ್ತದೆ, ಕಬ್ಬು ಹೊಲದಲ್ಲೇ ಒಣಗುತ್ತದೆ ಎಂಬುದು ಮೊದಲನೆಯದು. ಈ ಹೆದರಿಕೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಬಿಲ್ಲು ಬರದಿದ್ದರೆ ಸೊಸೈಟಿ ಸಾಲ, ಮಗಳ ಮದುವೆ, ಮಗನ ಫೀಸು ಎಲ್ಲವೂ ನಿಲ್ಲುತ್ತವೆ. ಆದರೆ ಎಥನಾಲ್‌ಗೆ ಸರ್ಕಾರ ದರ ನಿಗದಿ ಮಾಡಿ ಕೊಳ್ಳುತ್ತದೆ, ಡಿಸ್ಟಿಲರಿ ಕಟ್ಟಲು 2018ರಿಂದ ಸಾಲದ ಬಡ್ಡಿಯಲ್ಲಿ ನೆರವು ಕೊಡುತ್ತಿದೆ. ಸಾರ್ವಜನಿಕರ ದುಡ್ಡಿನಿಂದ ಡಿಸ್ಟಿಲರಿ ಕಟ್ಟಬಹುದಾದರೆ ಅದೇ ದುಡ್ಡಿನಲ್ಲಿ ಹೊಂಡ ಕಟ್ಟುವುದು ಯಾಕೆ ಭಾರ? 2025ರ ನವೆಂಬರ್‌ನಲ್ಲಿ ರೈತರು ರಸ್ತೆಗಿಳಿದು ಟನ್ನಿಗೆ 3,300 ರೂಪಾಯಿಗೆ ಸರ್ಕಾರವನ್ನೂ ಕಾರ್ಖಾನೆಗಳನ್ನೂ ಒಪ್ಪಿಸಿದರು. ಅದಕ್ಕೂ ಮೊದಲು ‘ಈ ದರ ಕೊಟ್ಟರೆ ಕಾರ್ಖಾನೆ ಉಳಿಯುವುದಿಲ್ಲ’ ಎಂದೇ ಕಾರ್ಖಾನೆಯವರು ಹೇಳುತ್ತಿದ್ದರು. ಈಗ ನೀರಿನ ವಿಷಯದಲ್ಲಿ ಅದೇ ಮಾತು ಹೇಳಿದರೆ ನಂಬಬೇಕೆ? ಮೇಲಿನಿಂದ, ಸಾಂಗಲಿ ಕೊಲ್ಲಾಪುರದ ಕಡೆಯಿಂದಲೇ ಕೆಟ್ಟ ನೀರು ಬರುತ್ತದೆ ಎಂಬುದು ಇನ್ನೊಂದು ಮಾತು. ಅಲ್ಲಿನ ಪಂಚಗಂಗಾ ನದಿ ಎಷ್ಟು ಕೆಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ನಮ್ಮ ರಾಜ್ಯ ಅದನ್ನೂ ಕೇಳಬೇಕು. ಕೃಷ್ಣೆಯ ನೀರು ಹಂಚಿದ ಬಚಾವತ್, ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಗಳ ಎದುರು ದಶಕಗಟ್ಟಲೆ ಟಿಎಂಸಿ ಲೆಕ್ಕ ಹಾಕಿದೆವು, ಆಲಮಟ್ಟಿಯನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಲು ಪಟ್ಟು ಹಿಡಿದೆವು. ಆ ಏರಿಕೆಗಾಗಿ ಬೀಳಗಿಯ ಇನ್ನಷ್ಟು ಹೊಲ ಮುಳುಗಬೇಕು. ಅಷ್ಟು ಬೆಲೆ ಕೊಟ್ಟು ಹಿಡಿಯುವ ನೀರು ಕುಡಿಯಲು ಬರಬೇಕು ಎಂಬುದು ನಮ್ಮ ವಕೀಲರ ವಾದದ ಮುಂಚೂಣಿಯಲ್ಲಿ ಇರಬೇಡವೇ? ಮೇಲಿನವರು ಕೆಡಿಸಿದ್ದು ಇಲ್ಲಿನವರು ಕೆಡಿಸುವುದಕ್ಕೆ ಪರವಾನಗಿ ಆಗುವುದಿಲ್ಲ. ರಬಕವಿ-ಬನಹಟ್ಟಿಯ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕಗಳನ್ನು ತೋರಿಸಿ ಮಾತು ತೇಲಿಸುವವರೂ ಇದ್ದಾರೆ. ನೇಕಾರರ ಊರಿಗೆ ಒಟ್ಟಾಗಿ ಬಣ್ಣದ ನೀರು ಶುದ್ಧ ಮಾಡುವ ವ್ಯವಸ್ಥೆ ಕಟ್ಟಿಕೊಡುವುದು ಸರ್ಕಾರದ ಕೆಲಸ. ಮಗ್ಗದ ಮನೆಯನ್ನೂ ಸಾವಿರಾರು ಟನ್ ನುರಿಸುವ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಾನೂನು ಇಲ್ಲ ಎಂದು ಯಾರೂ ಹೇಳುವಂತಿಲ್ಲ. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1986ರಲ್ಲೇ ಅಪಾಯಕಾರಿ ಉದ್ದಿಮೆ ನಡೆಸುವವನ ಹೊಣೆ ಸಂಪೂರ್ಣ, ‘ನನ್ನ ತಪ್ಪಿಲ್ಲ’ ಎಂಬ ನೆಪ ನಡೆಯುವುದಿಲ್ಲ ಎಂದು ಹೇಳಿತು, ಪರಿಹಾರದ ಮೊತ್ತ ಕಂಪನಿಯ ಗಾತ್ರಕ್ಕೆ ತಕ್ಕಂತಿರಬೇಕು ಎಂದಿತು. 1996ರಲ್ಲಿ ಬಿಚ್ಛಡಿ ಮತ್ತು ವೆಲ್ಲೂರಿನ ಮೊಕದ್ದಮೆಗಳಲ್ಲಿ ಕೆಡಿಸಿದವನೇ ಭರಿಸಬೇಕು ಎಂಬ ತತ್ವವನ್ನು ನೆಲದ ಕಾನೂನು ಮಾಡಿತು. 2025ರ ಆಗಸ್ಟ್ 4ರಂದು ಮಾಲಿನ್ಯ ನಿಯಂತ್ರಣ ಮಂಡಳಿಗಳು ತಾವೇ ನಷ್ಟಪರಿಹಾರ ಹೇರಬಹುದು ಎಂದು ತೀರ್ಪು ಕೊಟ್ಟಿತು. ಕಂಪನಿ ತಪ್ಪು ಮಾಡಿದಾಗ ಅದನ್ನು ನಡೆಸುವವರನ್ನೇ ಹೊಣೆ ಮಾಡುವ 47ನೇ ಕಲಮು ಜಲ ಕಾಯ್ದೆಯಲ್ಲಿದೆ. ಇಷ್ಟು ಆಯುಧಗಳನ್ನು ಕೈಯಲ್ಲಿ ಹಿಡಿದುಕೊಂಡು ನೋಟಿಸು ಬರೆಯುತ್ತಾ ಕೂತವರನ್ನು ಅಸಹಾಯಕರು ಎನ್ನಲಾಗದು. ಅವರು ಕರ್ತವ್ಯ ಬಿಟ್ಟವರು.

ಆದ್ದರಿಂದ ಮುಂದಿನ ಹಂಗಾಮಿಗೆ ಮೊದಲೇ ಕೇಳಬೇಕಾದ್ದನ್ನು ಕೇಳೋಣ. ಪ್ರತಿ ಕಾರ್ಖಾನೆ, ಡಿಸ್ಟಿಲರಿ ನುರಿಸುವ ಸಾಮರ್ಥ್ಯಕ್ಕೆ ತಕ್ಕ ಠೇವಣಿಯನ್ನು ಜಿಲ್ಲಾಧಿಕಾರಿಯ ಬಳಿ ಇಡಬೇಕು. ಹೊಳೆಗೆ ಕೊಳಕು ಸೇರಿದ ದಿನವೇ ಅದರಿಂದ ಮೀನುಗಾರರಿಗೆ, ದನ ಕಳೆದುಕೊಂಡವರಿಗೆ, ಬಾವಿ ಕೆಟ್ಟವರಿಗೆ ಮೊದಲ ಕಂತು ಹೋಗಬೇಕು, ಮಂಡಳಿಯ ಖಾತೆಗೆ ಹೋಗಿ ಕೂರಬಾರದು. ಪರಿಹಾರದ ಸೂತ್ರದಲ್ಲಿ ಊರಿನ ಜನಸಂಖ್ಯೆಯ ಗುಣಕ ಹೋಗಬೇಕು, ನದಿಯ ಹರಿವಿನ ಗುಣಕ ಬರಬೇಕು, ಗೇಟು ಹಾಕಿದ ತಿಂಗಳುಗಳಿಗೆ ಅದು ಅತಿ ಹೆಚ್ಚಿರಬೇಕು. ಕಾರ್ಖಾನೆಯ ನಳದಲ್ಲಿ ಅಳೆಯುವ ಜೊತೆಗೆ ಕೆಳಗಿನ ಹಳ್ಳದಲ್ಲಿ, ಬಾಂದಾರದ ಹಿನ್ನೀರಿನಲ್ಲಿ ಮಂಡಳಿಯೇ ಯಂತ್ರ ಇಡಬೇಕು, ಅದರ ಅಂಕಿ ಪಂಚಾಯಿತಿಯ ಹಲಗೆಯ ಮೇಲೆ ದಿನವೂ ಬರಬೇಕು. ಹಂಗಾಮಿನುದ್ದಕ್ಕೂ ಜಮಖಂಡಿಯಲ್ಲೋ ಮುಧೋಳದಲ್ಲೋ ರಾತ್ರಿ ಹೊತ್ತಿಗೂ ಮಾದರಿ ತೆಗೆಯುವ ತಂಡ ಇರಬೇಕು. ಯಾವ ಘಟಕಕ್ಕೆ ಯಾವ ಅಧಿಕಾರಿ ಸಮ್ಮತಿ ಕೊಟ್ಟರು, ಯಾವ ದಿನ ತಪಾಸಣೆ ಮಾಡಿದರು ಎಂಬುದು ಹೆಸರು ತಾರೀಖಿನ ಸಮೇತ ಬಹಿರಂಗವಾಗಬೇಕು. ಎರಡನೇ ಸಲ ತಪ್ಪಿದ ಕಾರ್ಖಾನೆಗೆ ಕಬ್ಬು ಅಭಿವೃದ್ಧಿ ಆಯುಕ್ತರು ಮುಂದಿನ ವರ್ಷದ ಪರವಾನಗಿ ಕೊಡಬಾರದು, ಅದರ ಕಬ್ಬನ್ನು ಪಕ್ಕದ ಕಾರ್ಖಾನೆಗಳಿಗೆ ಹಂಚುವ ಹೊಣೆ ಸರ್ಕಾರದ್ದಾಗಬೇಕು, ರೈತನ ಬಿಲ್ಲು ನಿಲ್ಲಬಾರದು. ಕಬ್ಬಿನ ದರಕ್ಕೆ ಜಿಲ್ಲಾಧಿಕಾರಿ ಸಭೆ ಕರೆದಾಗ ರೈತ ಸಂಘಟನೆಗಳು ಟನ್ನಿನ ದರದ ಪಕ್ಕದಲ್ಲೇ ಈ ಷರತ್ತುಗಳನ್ನೂ ಮೇಜಿನ ಮೇಲೆ ಇಡಬೇಕು, ಕಾರ್ಖಾನೆಯ ಚೇರ್ಮನ್ ಮತ್ತು ಮಂಡಳಿಯ ಅಧಿಕಾರಿ ಇಬ್ಬರೂ ಅದಕ್ಕೆ ಸಹಿ ಹಾಕುವವರೆಗೆ ಈ ಸೀಮೆಯ ಯಾವ ಬಾಯ್ಲರ್‌ಗೂ ಬೆಂಕಿ ಬೀಳಬಾರದು.